ಹೋದ ಪುಟ್ಟ ಬಂದ ಪುಟ್ಟ: ಸಿ ಫಂಕ್ಷನ್ನಿನ ಉತ್ತರ ಕೇಳದವರಿಗೆ ಕಂಪೈಲರ್ ಬೈಯುವುದೇಕೆ?

ಕಳೆದ ಸಂಚಿಕೆಯಲ್ಲಿ ‘ವಾರ್ನಿಂಗ್ ಇರುವ ಸಿ ಪ್ರೋಗ್ರಾಮನ್ನು ಯಾರ ಕೈಗೂ ಕೊಡಬೇಡಿ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಅಷ್ಟಕ್ಕೇ ಬಿಡುವವರಲ್ಲ ನಮ್ಮ ಓದುಗರು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಾರ್ನಿಂಗಿನ ಬೆನ್ನು ಹತ್ತಿವೆ: ಫಂಕ್ಷನ್ ವಾಪಸು ಕೊಟ್ಟದ್ದನ್ನು, ಅಂದರೆ ಅದರ ‘ರಿಟರ್ನ್ ವ್ಯಾಲ್ಯೂ’ವನ್ನು, ನೀವು ಬಳಸಲಿಲ್ಲ ಎಂದು ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮು) ಮಾಡುವ ಗೊಣಗಾಟ. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಹಾಕಿ ಈ ಸಲ ಇದೊಂದನ್ನೇ ಹಿಡಿದಿದ್ದೇನೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಮೊದಲು ಹದಿನಾಲ್ಕು ವರ್ಷ ಹುಬ್ಬಳ್ಳಿಯಲ್ಲಿ ಸಿ ಬರೆದೇ ಹೊಟ್ಟೆ ಹೊರೆದವಳು ನಾನು. ಈ ವಿಷಯದಲ್ಲಿ ನನ್ನ ಕೈಯೂ ಸುಟ್ಟಿದೆ. ಆ ಕಥೆ ಹಾಸನದವರ ಪ್ರಶ್ನೆಗೆ ಬರುತ್ತದೆ.

ಪ್ರಶ್ನೆ: ಮೇಡಂ, ನಾನು ಬಿಸಿಎ ಎರಡನೇ ಸೆಮಿಸ್ಟರ್. ಮನೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಐದು ವಿಷಯದ ಅಂಕ ಓದಿ ಸರಾಸರಿ ಹೇಳುವ ಪ್ರೋಗ್ರಾಮು ಬರೆದೆ. ಬರೀ ಜಿಸಿಸಿ (ಅದರಲ್ಲಿರುವ ಸಿ ಕಂಪೈಲರ್) ಎಂದು ಕೊಟ್ಟರೆ ಏನೂ ತಕರಾರಿಲ್ಲ. ಅಣ್ಣ ಹೇಳಿದ ಅಂತ ‘ಓ2’ ಆಪ್ಶನ್ ಸೇರಿಸಿದರೆ, ಕೀಬೋರ್ಡಿನಿಂದ ಅಂಕ ಓದುವ ಸ್ಕ್ಯಾನ್‌ಎಫ್ ಫಂಕ್ಷನ್ ಇರುವ ಸಾಲಿಗೆ ‘ಇಗ್ನೋರಿಂಗ್ ರಿಟರ್ನ್ ವ್ಯಾಲ್ಯೂ’ ಅಂತ ವಾರ್ನಿಂಗ್ ಬರುತ್ತೆ. ಪ್ರೋಗ್ರಾಮೂ ಅದೇ, ಕಂಪೈಲರೂ ಅದೇ. ಯಾವ ಮಾತು ನಂಬಲಿ?
— ದಾವಣಗೆರೆಯ ವಿದ್ಯಾರ್ಥಿನಿ

ಉತ್ತರ: ಬೈದದ್ದನ್ನು ನಂಬು ತಂಗಿ. ಸುಮ್ಮನಿದ್ದಾಗ ಅದಕ್ಕೆ ವಿಷಯವೇ ಗೊತ್ತಿರಲಿಲ್ಲ.

ಸ್ಕ್ಯಾನ್‌ಎಫ್ ಕೊಡುವ ಉತ್ತರ ಮುಖ್ಯವೋ ಅಲ್ಲವೋ ಎಂಬುದು ಕಂಪೈಲರಿಗೆ ತಾನಾಗಿ ತಿಳಿಯುವುದಿಲ್ಲ. ಸಿ ಭಾಷೆಯ ಪ್ರಕಾರ ಯಾವ ಫಂಕ್ಷನ್ನನ್ನು ಬೇಕಾದರೂ ಕರೆದು, ಅದು ತಂದದ್ದನ್ನು ಬಿಸಾಡಬಹುದು. ತಪ್ಪೇನಿಲ್ಲ. ‘ಇದರ ಉತ್ತರ ಮಾತ್ರ ಬಿಸಾಡಬೇಡಿ’ ಎಂದು ಯಾರಾದರೂ ಆ ಫಂಕ್ಷನ್ನಿನ ಡಿಕ್ಲರೇಶನ್ನಿಗೆ ಒಂದು ಚೀಟಿ ಅಂಟಿಸಬೇಕು. ಜಿಸಿಸಿಯಲ್ಲಿ ಆ ಚೀಟಿಯ ಹೆಸರು ‘ವಾರ್ನ್ ಅನ್‌ಯೂಸ್ಡ್ ರಿಸಲ್ಟ್’. 2004ರ 3.4ನೇ ಆವೃತ್ತಿಯಿಂದ ಅದು ಇದೆ. ನಿನ್ನ ಲ್ಯಾಪ್‌ಟಾಪಿನಲ್ಲಿರುವ ಸಿ ಲೈಬ್ರರಿ ಜಿಲಿಬ್‌ಸಿ. ಅದರ ಹೆಡರ್ ಫೈಲ್ (ಫಂಕ್ಷನ್‌ಗಳ ಡಿಕ್ಲರೇಶನ್ ಇರುವ ಫೈಲ್) ತೆರೆದು ಸ್ಕ್ಯಾನ್‌ಎಫ್‌ನ ಸಾಲಿನ ಬಾಲ ನೋಡು: ಎರಡು ಅಂಡರ್‌ಸ್ಕೋರ್, ಆಮೇಲೆ ‘ಡಬ್ಲ್ಯು ಯು ಆರ್’ ಎಂಬ ಪುಟ್ಟ ಮ್ಯಾಕ್ರೊ, ಅಂದರೆ ಕಂಪೈಲ್ ಆಗುವಾಗ ಬೇರೆ ಬರಹವಾಗಿ ಬದಲಾಗುವ ಹೆಸರು. ಚೀಟಿ ಅದೇ.

ಆದರೆ ಆ ಮ್ಯಾಕ್ರೊ ಎಲ್ಲ ಹೊತ್ತೂ ಚೀಟಿಯಾಗುವುದಿಲ್ಲ. ‘ಫಾರ್ಟಿಫೈ ಸೋರ್ಸ್’ ಎಂಬ ರಕ್ಷಣೆ ಚಾಲೂ ಇದ್ದರೆ ಮಾತ್ರ ಚೀಟಿ. ಇಲ್ಲದಿದ್ದರೆ ಅದರ ಜಾಗದಲ್ಲಿ ಬರೀ ಬಯಲು. ಬಫರಿನ (ಡೇಟಾ ಇಡಲು ಮೆಮೊರಿಯಲ್ಲಿ ಕಾದಿರಿಸಿದ ಜಾಗ) ಅಳತೆ ಮೀರಿ ಬರೆಯುವುದನ್ನು ಹಿಡಿಯುವುದು ಫಾರ್ಟಿಫೈನ ಮುಖ್ಯ ಕೆಲಸ, ಅದಕ್ಕೆ ಆಪ್ಟಿಮೈಸೇಶನ್ (ಕೋಡು ವೇಗವಾಗಿ ಓಡುವಂತೆ ಕಂಪೈಲರ್ ತಿದ್ದುವುದು, ನಿನ್ನ ಓ2 ಚಾಲೂ ಮಾಡುವುದು ಅದನ್ನೇ) ಬೇಕೇ ಬೇಕು. ಉಬುಂಟುವಿನವರು 2008ರ 8.10ನೇ ಆವೃತ್ತಿಯಿಂದ, ಆಪ್ಟಿಮೈಸೇಶನ್ ಇದ್ದಾಗಲೆಲ್ಲ ಫಾರ್ಟಿಫೈ ತಾನಾಗಿ ಹತ್ತಿಕೊಳ್ಳುವಂತೆ ಮಾಡಿದ್ದಾರೆ. ನೀನು ಓ2 ಎಂದೆ, ಫಾರ್ಟಿಫೈ ಬಂತು, ಅದರ ಬೆನ್ನಿಗೆ ಚೀಟಿ, ಚೀಟಿ ನೋಡಿ ಕಂಪೈಲರ್ ಬೈಯಿತು. ಬೇರೆ ಲಿನಕ್ಸ್ ಇರುವ ನಿನ್ನ ಗೆಳತಿಗೆ ಓ2 ಹಾಕಿದರೂ ವಾರ್ನಿಂಗ್ ಬರದೆ ಇರಬಹುದು. ಅವಳ ಪ್ರೋಗ್ರಾಮು ಜಾಣ ಅಂತಲ್ಲ.

ಈಗ ಸ್ಕ್ಯಾನ್‌ಎಫ್ ಏನು ಹೇಳುತ್ತದೆ ನೋಡೋಣ. ಎಷ್ಟು ಬೆಲೆಗಳನ್ನು ಸರಿಯಾಗಿ ಓದಿ ತುಂಬಿದೆ ಎಂಬ ಎಣಿಕೆಯೇ ಅದರ ಉತ್ತರ. ನಿನ್ನ ಪ್ರೋಗ್ರಾಮು ಕಳಿಸಿದ್ದೀಯಲ್ಲ, ಅದಕ್ಕೆ ನಾನು 68, 74, 70, 81, 59 ಕೊಟ್ಟೆ. 70.4 ಎಂದಿತು, ಸರಿ. ಇನ್ನೊಮ್ಮೆ ಓಡಿಸಿ ಎಪ್ಪತ್ತು ಬರೆಯುವಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರ ಒತ್ತಿದೆ. ಕೀಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ, ಯಾರ ಬೆರಳೂ ಜಾರೀತು. ಎಂಟರ್ ಒತ್ತಿದ್ದೇ ತಡ, ಉಳಿದೆರಡು ವಿಷಯ ಕೇಳುವ ಗೋಜಿಗೇ ಹೋಗದೆ ಸರಾಸರಿ 32.6 ಎಂದು ಹೇಳಿ, ಕೆಳಗೆ ‘ಫೇಲ್’ ಅಂತಲೂ ಬರೆಯಿತು!

ಒಳಗೆ ಆದದ್ದು ಇಷ್ಟು. ಮೂರನೇ ಕರೆ 7 ಓದಿ ‘ಒಂದು ಸಿಕ್ಕಿತು’ ಎಂದಿತು. ‘ಓ’ ಬಾಗಿಲಲ್ಲೇ ನಿಂತಿತು. ನಾಲ್ಕನೇ ಕರೆ ಅದನ್ನು ನೋಡಿ, ಇದು ಅಂಕಿಯಲ್ಲ ಎಂದು ಮುಟ್ಟದೆ, ‘ಸೊನ್ನೆ ಸಿಕ್ಕಿತು’ ಎಂದು ವಾಪಸಾಯಿತು. ಐದನೆಯದ್ದೂ ಅದೇ. ನಿನ್ನ ವೇರಿಯಬಲ್‌ನಲ್ಲಿ ಹಳೆಯ 7 ಹಾಗೇ ಕೂತಿತ್ತು, ಎರಡು ಸಲ ಮತ್ತೆ ಮೊತ್ತಕ್ಕೆ ಸೇರಿತು. 68, 74, 7, 7, 7. ಕೂಡಿ ಐದರಿಂದ ಭಾಗಿಸು, 32.6. ಎರಡು ಸಲ ಸ್ಕ್ಯಾನ್‌ಎಫ್ ‘ಏನೂ ಸಿಗಲಿಲ್ಲ’ ಎಂದು ಬಂದು ಹೇಳಿದೆ. ನಾವು ಅದನ್ನು ಹೋದ ಪುಟ್ಟ ಬಂದ ಪುಟ್ಟ ಮಾಡಿದೆವು.

ಹಾಗಾಗಿ ಉತ್ತರ 1 ಬಂತೇ ಎಂದು ಪ್ರತಿ ಸಲ ಕೇಳು. ‘ಸೊನ್ನೆಯಲ್ಲವೇ’ ಎಂದು ಮಾತ್ರ ಕೇಳಬೇಡ. ಇನ್‌ಪುಟ್ಟೇ ಮುಗಿದು ಹೋದರೆ ಸ್ಕ್ಯಾನ್‌ಎಫ್ ‘ಇಒಎಫ್’ ಎನ್ನುತ್ತದೆ, ಅದು ನಮ್ಮ ಯಂತ್ರಗಳಲ್ಲಿ ಮೈನಸ್ ಒಂದು. ಸಿ ಲೆಕ್ಕದಲ್ಲಿ ಮೈನಸ್ ಒಂದೂ ‘ಹೌದು’ ಎಂದೇ ಆಗಿ ಲೂಪು ಸುತ್ತುತ್ತಲೇ ಇರುತ್ತದೆ. ಇನ್ನೂ ಒಂದು: ಎಡವಿದ್ದು ಮೂರನೇ ಕರೆ, ಸಿಕ್ಕಿಬಿದ್ದದ್ದು ನಾಲ್ಕನೆಯದು. ಆ ತಡವೂ ಬೇಡವೆಂದರೆ ಎಫ್‌ಗೆಟ್‌ಎಸ್‌ನಿಂದ ಇಡೀ ಸಾಲು ಓದಿಕೊಂಡು, ಅಕ್ಷರಗಳನ್ನು ಸಂಖ್ಯೆ ಮಾಡುವ ಎಸ್‌ಟಿಆರ್‌ಟೋಲ್‌ಗೆ ಕೊಡು, ಎಲ್ಲಿಗೆ ಓದು ನಿಂತಿತು ಎಂದು ಅದು ಬೆರಳಿಟ್ಟು ತೋರಿಸುತ್ತದೆ. ಎಫ್‌ಗೆಟ್‌ಎಸ್‌ಗೂ ಚೀಟಿ ಇದೆ, ಮರೆಯಬೇಡ.

ಪ್ರಶ್ನೆ: ಟರ್ಬೊ ಸಿ ಬಿಟ್ಟು ಜಿಸಿಸಿಗೆ ಬಂದಮೇಲೆ ಕ್ಲಿಯರ್‌ಸ್ಕ್ರೀನ್ ಫಂಕ್ಷನ್ ಸಿಗಲಿಲ್ಲ. ಅದರ ಬದಲು ಸಿಸ್ಟಮ್ ಫಂಕ್ಷನ್ನಿಗೆ ‘ಕ್ಲಿಯರ್’ ಎಂದು ಕೊಟ್ಟೆ. ಅದಕ್ಕೂ ಇದೇ ವಾರ್ನಿಂಗ್. ಪರದೆ ಒರೆಸಿದ್ದಕ್ಕೆ ಉತ್ತರ ಏನು ಕೇಳಲಿ?
— ಗಂಗಾವತಿ

ಉತ್ತರ: ಏನೂ ಕೇಳಬೇಡಿ, ಆ ಸಾಲನ್ನೇ ತೆಗೆಯಿರಿ. ಪರದೆ ಒರೆಸುವುದು ಟರ್ಬೊ ಸಿ ಕಾಲದ ಲ್ಯಾಬ್ ಮಡಿ. ಹಿಂದಿನ ಸಲದ ಔಟ್‌ಪುಟ್ ಉಳಿದಿರುತ್ತಿತ್ತು ಎಂದು ಶುರುವಾಗಿ, ಕಾರಣ ಹೋದಮೇಲೂ ಆಚಾರ ಉಳಿಯಿತು. ಒರೆಸಲೇಬೇಕೆಂದರೆ ಟರ್ಮಿನಲ್‌ನ ಎಸ್ಕೇಪ್ ಕೋಡನ್ನು ಪ್ರಿಂಟ್‌ಎಫ್‌ನಿಂದ ಕಳಿಸಿ. ಪರದೆಗಾಗಿ ಒಂದು ಇಡೀ ಶೆಲ್ ಎಬ್ಬಿಸುವುದು ಬೇಡ. ಸಿಸ್ಟಮ್‌ಗೆ ಚೀಟಿ ಅಂಟಿಸಿದವರ ಮನಸ್ಸಿನಲ್ಲಿದ್ದದ್ದು ‘ಕ್ಲಿಯರ್’ ಅಲ್ಲ. ಬ್ಯಾಕಪ್ ಕಾಪಿ ಮಾಡು ಎಂದು ಕಮಾಂಡ್ ಕೊಟ್ಟು, ಆಯಿತೋ ಇಲ್ಲವೋ ನೋಡದೆ ಮೂಲ ಫೈಲನ್ನು ಅಳಿಸುವವರು ಇದ್ದಾರಲ್ಲ, ಅವರು.

ಪ್ರಶ್ನೆ: ನಮ್ಮ ಕಂಪನಿ ಕಾರಿನ ಎಲೆಕ್ಟ್ರಾನಿಕ್ಸ್‌ಗೆ ಸಿ ಬರೆಯುತ್ತದೆ. ಸುರಕ್ಷಿತವಾಗಿ ಸಿ ಬರೆಯಲೆಂದು ಮಾಡಿದ ಮಿಸ್ರಾ ನಿಯಮದಂತೆ, ಬೇಡವಾದ ರಿಟರ್ನ್ ವ್ಯಾಲ್ಯೂ ಮುಂದೆ ‘ವಾಯ್ಡ್’ ಕಾಸ್ಟ್ (ಈ ಬೆಲೆ ಬೇಡ ಎಂಬ ಗುರುತು) ಹಾಕುತ್ತೇವೆ. ಅದೇ ಕೋಡನ್ನು ಪರೀಕ್ಷೆಗೆಂದು ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದರೆ, ಫೈಲಿಗೆ ಬೈಟುಗಳನ್ನು ಬರೆಯುವ ರೈಟ್ ಕರೆಯ ಮುಂದೆ ವಾಯ್ಡ್ ಇದ್ದರೂ ಜಿಸಿಸಿ ವಾರ್ನಿಂಗ್ ಕೊಡುತ್ತದೆ. ಇನ್ನೊಂದು ಕಂಪೈಲರ್ ಕ್ಲ್ಯಾಂಗ್ ಕೊಡುವುದಿಲ್ಲ. ಜಿಸಿಸಿಯದು ಬಗ್ ಅಲ್ಲವೇ?
— ಬೆಂಗಳೂರು, ಹೆಸರು ಬೇಡ ಎಂದಿದ್ದಾರೆ

ಉತ್ತರ: ಬಗ್ ಎಂದು 2015ರಲ್ಲೇ ಜಿಸಿಸಿಯ ದೂರು ಪುಸ್ತಕದಲ್ಲಿ ದಾಖಲಾಗಿದೆ, ಸಂಖ್ಯೆ 66425. ಅದರ ಕೆಳಗಿನ ವಾದ ಓದಿದರೆ ಪಂಚಾಯಿತಿ ಕಟ್ಟೆ ನೆನಪಾಗುತ್ತದೆ. ನಾನು ಬಳಸುವ ಜಿಸಿಸಿ ಇವತ್ತಿಗೂ ಹಟ ಬಿಟ್ಟಿಲ್ಲ.

ವಾಯ್ಡ್ ಕಾಸ್ಟ್ ಹಾಕುವ ರೂಢಿ ಎಲ್ಲಿಂದ ಬಂತು ಎಂದು ನೋಡಿದರೆ ಎರಡೂ ಕಡೆಯವರ ಮಾತು ಅರ್ಥವಾಗುತ್ತದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ‘ಲಿಂಟ್’ ಎಂಬ ಪ್ರೋಗ್ರಾಮು ಬರೆದರು. ಕಂಪೈಲರ್ ಬಿಟ್ಟುಬಿಡುವ ಕಸಕಡ್ಡಿ ಹೆಕ್ಕುವುದು ಅದರ ಕೆಲಸ. ರಿಟರ್ನ್ ವ್ಯಾಲ್ಯೂ ಬಗ್ಗೆ ಲಿಂಟ್‌ಗೆ ಎರಡು ಬಗೆಯ ದೂರು ಇತ್ತು: ಈ ಫಂಕ್ಷನ್ನಿನ ಉತ್ತರವನ್ನು ಯಾರೂ, ಯಾವತ್ತೂ ಕೇಳುತ್ತಿಲ್ಲ ಎನ್ನುವುದು ಒಂದು. ಕೆಲವು ಕಡೆ ಕೇಳುತ್ತೀರಿ, ಕೆಲವು ಕಡೆ ಇಲ್ಲ ಎನ್ನುವುದು ಇನ್ನೊಂದು. ನನ್ನನ್ನು ಕೇಳಿದರೆ ಎರಡನೆಯದಕ್ಕೇ ಹೆಚ್ಚು ಬೆಲೆ. ಒಂಬತ್ತು ಕಡೆ ತಪ್ಪದೆ ನೋಡಿದವನು ಹತ್ತನೆಯ ಕಡೆ ನೋಡಲಿಲ್ಲ ಎಂದರೆ ಅದು ಮರೆವೇ. ಹೆಡರಿನಲ್ಲಿ ಯಾರೂ ಚೀಟಿ ಅಂಟಿಸದಿದ್ದರೂ ನಿಮ್ಮದೇ ಕೋಡನ್ನು ನಿಮ್ಮದೇ ಕೋಡಿಗೆ ಹೋಲಿಸಿ ಹಿಡಿಯುವ ಈ ಉಪಾಯವನ್ನು ಈಗಿನ ಜಿಸಿಸಿ ಮಾಡುವುದಿಲ್ಲ.

ಲಿಂಟ್‌ನ ಬಾಯಿ ಮುಚ್ಚಿಸಲು ಪ್ರಿಂಟ್‌ಎಫ್ ಮುಂದೆ ವಾಯ್ಡ್ ಬರೆಯುವ ಚಾಳಿ ಹುಟ್ಟಿತು. ಹಳೆಯ ಯುನಿಕ್ಸ್ ಕೋಡಿನಲ್ಲಿ ಸಾಲುಸಾಲಾಗಿ ಸಿಗುತ್ತದೆ. ‘ಕೇಳಿಸಿತು, ಬೇಡ ಎಂದು ನಾನೇ ತೀರ್ಮಾನಿಸಿದೆ’ ಎಂಬುದಕ್ಕೆ ಅದು ರುಜು. ಮಿಸ್ರಾ ಸಿ 2012ರ 17.7ನೇ ನಿಯಮ ಒಪ್ಪುವುದು ಇದನ್ನೇ. ಜಿಸಿಸಿಯವರ ವಾದ ಬೇರೆ: ಉತ್ತರ ನೋಡದಿದ್ದರೆ ಖಂಡಿತ ತಪ್ಪು ಅಥವಾ ಭದ್ರತೆಗೆ ಅಪಾಯ ಎನ್ನುವಂಥ ಫಂಕ್ಷನ್‌ಗಳಿಗೆಂದೇ ನಾವು ಈ ಚೀಟಿ ಮಾಡಿದ್ದು, ಒಂದು ರುಜು ಹಾಕಿ ದಾಟಿಹೋಗುವುದಕ್ಕಲ್ಲ. ತತ್ವಕ್ಕೆ ಚೆನ್ನಾಗಿದೆ. ಆದರೆ ಜಿಲಿಬ್‌ಸಿಯವರು ಆ ಚೀಟಿಯನ್ನು ‘ಸಿಸ್ಟಮ್’ಗೂ ಹಚ್ಚಿದ್ದಾರಲ್ಲ, ಗಂಗಾವತಿಯವರ ಪರದೆ ಒರೆಸುವುದರಲ್ಲಿ ಯಾವ ಅಪಾಯ? ಬಾಗಿಲು ಅಷ್ಟು ಬಿಗಿ ಮಾಡಿದರೆ ಜನ ಕಿಟಕಿಯಿಂದ ನುಗ್ಗುತ್ತಾರೆ. ವಾಯ್ಡ್ ಆದಮೇಲೆ ಒಂದು ಆಶ್ಚರ್ಯಸೂಚಕ, ಆಮೇಲೆ ರೈಟ್ ಕರೆ. ‘ಅಲ್ಲ’ ಎಂಬ ಆ ಚಿಹ್ನೆ ಉತ್ತರವನ್ನು ಬಳಸಿದ ಲೆಕ್ಕವಾಗುತ್ತದೆ, ಜಿಸಿಸಿ ಬಾಯಿ ಮುಚ್ಚುತ್ತದೆ. ಓದುವವರಿಗೆ ತಲೆಬುಡ ತಿಳಿಯುವುದಿಲ್ಲ ಅಷ್ಟೇ.

ಸಿ ಭಾಷೆಯ ಹೊಸ ಮಾನದಂಡವಾದ ಸಿ23ರಲ್ಲಿ ಬಂದ ‘ನೋಡಿಸ್ಕಾರ್ಡ್’ ಗುರುತು ಈ ಜಗಳದಲ್ಲಿ ನಿಮ್ಮ ಪಕ್ಷ. ಅದಕ್ಕೆ ವಾಯ್ಡ್ ಕಾಸ್ಟ್ ಸಾಕು, ಜಿಸಿಸಿಯೂ ಒಪ್ಪುತ್ತದೆ. ನಿಮ್ಮ ಸ್ವಂತ ಫಂಕ್ಷನ್‌ಗಳಿಗೆ ಅದನ್ನು ಬಳಸಿ. ರೈಟ್ ಕರೆಗಾದರೆ, ದಯವಿಟ್ಟು ಉತ್ತರವನ್ನೇ ನೋಡಿ. ನೂರು ಬೈಟ್ ಕೊಟ್ಟರೆ ಅರವತ್ತು ಮಾತ್ರ ಬರೆದು ‘ಅರವತ್ತು’ ಎಂದು ಹೇಳುವ ಹಕ್ಕು ಅದಕ್ಕಿದೆ. ಅದು ಎರರ್ ಕೂಡ ಅಲ್ಲ, ಉಳಿದ ನಲವತ್ತನ್ನು ಮತ್ತೆ ಕಳಿಸಬೇಕಾದವರು ನೀವು.

ಪ್ರಶ್ನೆ: ಪ್ರಿಂಟ್‌ಎಫ್ ಕೂಡ ಒಂದು ಸಂಖ್ಯೆ ವಾಪಸು ಕೊಡುತ್ತದಂತೆ. ಅದನ್ನು ಯಾರೂ ನೋಡುವುದಿಲ್ಲ, ಕಂಪೈಲರೂ ಕೇಳುವುದಿಲ್ಲ. ಹಾಗಾದರೆ ವಾರ್ನಿಂಗ್ ಇಲ್ಲದ ಫಂಕ್ಷನ್‌ಗಳ ಉತ್ತರ ಬಿಟ್ಟರೆ ಪರವಾಗಿಲ್ಲ ಎಂದಾಯಿತಲ್ಲ?
— ಹಾಸನ

ಉತ್ತರ: ಹಾಗೆಂದುಕೊಂಡೇ ನಾನು ಕೆಟ್ಟೆ. ಸ್ವಲ್ಪ ಕೂತು ಕೇಳಿ.

2003ರಲ್ಲಿ ಧಾರವಾಡ ಜಿಲ್ಲೆಯ ಒಂದು ಊರಿನ ಹಾಲು ಉತ್ಪಾದಕರ ಸಂಘಕ್ಕೆ ಪ್ರೋಗ್ರಾಮು ಬರೆದೆ. ತೂಕದ ಯಂತ್ರ, ಫ್ಯಾಟು ನೋಡುವ ಯಂತ್ರ ಎರಡೂ ಒಂದು ಹಳೇ ಕಂಪ್ಯೂಟರಿಗೆ ವೈರಿನಲ್ಲಿ ಸೇರಿದ್ದವು. ಹಾಲು ಹಾಕಿದ ತಕ್ಷಣ ಲೀಟರ್, ಫ್ಯಾಟು, ದರ ಲೆಕ್ಕ ಹಾಕಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿ ಹೊಡೆಯುತ್ತಿತ್ತು, ಒಂದು ಫೈಲಿಗೂ ಸಾಲು ಸೇರಿಸುತ್ತಿತ್ತು. ಬೆಳಿಗ್ಗೆ, ಸಂಜೆ ಎರಡು ಹೊತ್ತು, ನೂರಾ ಚಿಲ್ಲರೆ ಮನೆ. ಫೈಲ್ ತೆರೆ, ಎಫ್‌ಪ್ರಿಂಟ್‌ಎಫ್‌ನಿಂದ ಬರೆ, ಎಫ್‌ಕ್ಲೋಸ್‌ನಿಂದ ಮುಚ್ಚು. ಮೂರೇ ಹೆಜ್ಜೆ. ಫೈಲ್ ತೆರೆಯಿತೇ ಎಂದು ನೋಡಿದ್ದೆ. ಎಫ್‌ಪ್ರಿಂಟ್‌ಎಫ್ ಮೈನಸ್ ಹೇಳಿತೇ ಎಂದೂ ನೋಡಿದ್ದೆ, ಅದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ಉಂಟು. ಎಫ್‌ಕ್ಲೋಸ್ ಹೇಳಿದ್ದನ್ನು ಮಾತ್ರ ನೋಡಿರಲಿಲ್ಲ. ಮುಚ್ಚುವುದರಲ್ಲಿ ಕೇಳುವುದೇನಿದೆ?

ಬಟವಾಡೆ ದಿನ ಪಟ್ಟಿ ತೆಗೆದರೆ ಕೊನೆಯ ಮೂರು ದಿನದ ಹಾಲೇ ಇಲ್ಲ. ಕಾರ್ಯದರ್ಶಿಗಳು ಫೋನ್ ಮಾಡಿದರು. ಸಿಟ್ಟಿನ ದನಿಯಲ್ಲ, ಅದಕ್ಕಿಂತ ಕಷ್ಟದ್ದು, ‘ಮೇಡಂ, ನೀವು ಒಮ್ಮೆ ಬಂದರ ಛಲೋ ಇತ್ತು’ ಎಂಬ ದನಿ. ಮರುದಿನ ಮೊದಲ ಬಸ್ಸಿಗೆ ಹೋದೆ. ನೋಡಿದರೆ ಡಿಸ್ಕ್ ತುಂಬಿತ್ತು. ತುಂಬಿಸಿದ್ದೂ ನಾನೇ: ತೂಕದ ಯಂತ್ರ ಕಳಿಸುವ ಒಂದೊಂದು ಅಕ್ಷರವನ್ನೂ ಪರೀಕ್ಷೆಗೆಂದು ಇನ್ನೊಂದು ಫೈಲಿಗೆ ಬರೆಯುತ್ತಿದ್ದೆ, ಕೆಲಸ ಮುಗಿದಮೇಲೆ ಅದನ್ನು ತೆಗೆಯಲು ಮರೆತಿದ್ದೆ.

ಡಿಸ್ಕ್ ತುಂಬಿದಮೇಲೆ ಎಫ್‌ಪ್ರಿಂಟ್‌ಎಫ್ ಏಕೆ ಕೂಗಲಿಲ್ಲ? ಅದು ಡಿಸ್ಕಿಗೆ ಬರೆಯುವುದೇ ಇಲ್ಲ. ಮೆಮೊರಿಯಲ್ಲಿ ಕೆಲವು ಸಾವಿರ ಬೈಟಿನ ಒಂದು ಬಫರ್ ಇರುತ್ತದೆ, ಅದರಲ್ಲಿ ಹಾಕಿ ‘ಆಯಿತು’ ಎನ್ನುತ್ತದೆ. ನನ್ನ ಒಂದು ಸಾಲು ಅರವತ್ತು ಬೈಟ್ ಇದ್ದೀತು, ಬಫರಿನ ತಳವೂ ಮುಚ್ಚುತ್ತಿರಲಿಲ್ಲ. ನಿಜವಾಗಿ ಡಿಸ್ಕಿನ ಕಡೆ ಹೊರಡುವುದು ಎಫ್‌ಕ್ಲೋಸ್ ಬಫರ್ ಖಾಲಿ ಮಾಡುವಾಗ. ‘ಜಾಗವಿಲ್ಲ’ ಎಂಬ ಉತ್ತರ ಅದಕ್ಕೆ ಸಿಕ್ಕಿತು, ಅದು ಪ್ರಾಮಾಣಿಕವಾಗಿ ಇಒಎಫ್ ಎಂದು ನನಗೆ ತಂದು ಕೊಟ್ಟಿತು. ಒಂದೊಂದು ಹೊತ್ತಿಗೆ ನೂರು ಸಲ, ಮೂರು ದಿನ. ಅತ್ತ ಪ್ರಿಂಟರು ಚೀಟಿ ಹೊಡೆಯುತ್ತಲೇ ಇತ್ತು.

ಕಾರ್ಯದರ್ಶಿಗಳಿಗೆ ಕಂಪ್ಯೂಟರ್ ಮೇಲೆ ನಂಬಿಕೆ ಇರಲಿಲ್ಲವಾದ್ದರಿಂದ ನೋಟ್‌ಬುಕ್ಕಿನಲ್ಲೂ ಬರೆದಿಟ್ಟಿದ್ದರು. ನಾನು ಅದನ್ನು ನೋಡಿ ನೋಡಿ ಟೈಪ್ ಮಾಡಿದೆ, ಮಧ್ಯಾಹ್ನ ಮೂರರವರೆಗೆ. ಒಬ್ಬ ಅಜ್ಜಿ ಬಿಸ್ಕತ್ತಿನ ಡಬ್ಬಿಯಲ್ಲಿ ತನ್ನ ಚೀಟಿಗಳನ್ನೆಲ್ಲ ತಂದು ಮೇಜಿನ ಮೇಲೆ ಸುರಿದಳು. ಆರೂ ಚೀಟಿ ಇದ್ದವು. ನೋಟ್‌ಬುಕ್ಕಿನಲ್ಲಿ ಐದೇ. ಅವಳ ಚೀಟಿ ನೋಡಿ ಆರನೆಯದನ್ನು ಸೇರಿಸಿದೆವು.

ನೀವು ಮನೆಯಲ್ಲೇ ಇದನ್ನು ನೋಡಬಹುದು. ಲಿನಕ್ಸ್‌ನಲ್ಲಿ ‘ಡೆವ್’ ಡೈರೆಕ್ಟರಿಯೊಳಗೆ ‘ಫುಲ್’ ಎಂಬ ಸುಳ್ಳು ಫೈಲ್ ಇದೆ. ಅದಕ್ಕೆ ಏನು ಬರೆಯಹೋದರೂ ಜಾಗವಿಲ್ಲ ಎನ್ನುವುದೇ ಅದರ ಕೆಲಸ. ಒಂದೇ ಸಾಲು ಪ್ರಿಂಟ್ ಮಾಡುವ ನಿಮ್ಮ ಮೊದಲ ಸಿ ಪ್ರೋಗ್ರಾಮಿನ ಔಟ್‌ಪುಟ್ಟನ್ನು ಅದಕ್ಕೆ ತಿರುಗಿಸಿ, ಆಮೇಲೆ ಪ್ರೋಗ್ರಾಮಿನ ಎಕ್ಸಿಟ್ ಕೋಡ್ ಏನೆಂದು ಶೆಲ್‌ಗೆ ಕೇಳಿ. ಸೊನ್ನೆ, ಅಂದರೆ ಸುಸೂತ್ರ. ಒಂದಕ್ಷರವೂ ಎಲ್ಲಿಗೂ ತಲುಪಿಲ್ಲ. ಈಗ ಎಲ್‌ಎಸ್ ಕಮಾಂಡಿನ ಔಟ್‌ಪುಟ್ಟನ್ನು ಹಾಗೇ ತಿರುಗಿಸಿ ನೋಡಿ, ‘ನೋ ಸ್ಪೇಸ್ ಲೆಫ್ಟ್’ ಎಂದು ಚೀರುತ್ತದೆ. ಜಿಎನ್‌ಯು ಕೋರ್‌ಯುಟಿಲ್ಸ್ ಬರೆದವರು ಮುಗಿಯುವ ಮೊದಲು ಔಟ್‌ಪುಟ್ಟನ್ನು ತಾವೇ ಮುಚ್ಚಿ, ಮುಚ್ಚಿದ್ದರ ಉತ್ತರವನ್ನೂ ಕೇಳುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ. ಎಫ್‌ಕ್ಲೋಸ್‌ಗೆ ಜಿಲಿಬ್‌ಸಿ ಹೆಡರಿನಲ್ಲಿ ಚೀಟಿಯೇ ಇಲ್ಲ. ಓ2 ಹಾಕಿ, ಎಲ್ಲ ವಾರ್ನಿಂಗ್ ಆಪ್ಶನ್ ಹಾಕಿ, ಜಿಸಿಸಿ ತುಟಿ ಬಿಚ್ಚುವುದಿಲ್ಲ. ಓದಲೆಂದು ತೆರೆದ ಫೈಲನ್ನು ಮುಚ್ಚುವಾಗ ಉತ್ತರ ಕೇಳದಿದ್ದರೂ ನಡೆಯುತ್ತದೆ, ಬರೆಯಲೆಂದು ತೆರೆದದ್ದಕ್ಕೆ ನಡೆಯುವುದಿಲ್ಲ. ಆ ವ್ಯತ್ಯಾಸ ಡಿಕ್ಲರೇಶನ್ನಿನಲ್ಲಿ ಹೇಳಲು ಬರುವುದಿಲ್ಲ. ಚೀಟಿ ಅಂಟಿಸಿದವರು ಊಹಿಸಿದ ಆತಂಕಗಳು ಮಾತ್ರ ವಾರ್ನಿಂಗ್ ಆಗಿ ಬರುತ್ತವೆ. ಪರದೆಗೆ ‘ನಮಸ್ಕಾರ’ ಎಂದು ತೋರಿಸುವ ಪ್ರಿಂಟ್‌ಎಫ್ ಉತ್ತರ ಧಾರಾಳವಾಗಿ ಬಿಡಿ, ನಾನೂ ಬಿಡುತ್ತೇನೆ. ಬೇರೆಯವರ ಲೆಕ್ಕ ಬರೆಯುವ ಫೈಲಾದರೆ ಎಫ್‌ಫ್ಲಶ್ ಮಾಡಿ (ಬಫರ್ ಖಾಲಿ ಮಾಡುವುದು) ಉತ್ತರ ನೋಡಿ, ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಮುಟ್ಟಿಸುವುದು) ಉತ್ತರ ನೋಡಿ, ಆಮೇಲೆ ಎಫ್‌ಕ್ಲೋಸ್, ಅದರದ್ದೂ. ಎಫ್‌ಕ್ಲೋಸ್ ಸೋತಮೇಲೆ ಮತ್ತೊಮ್ಮೆ ಪ್ರಯತ್ನಿಸಲು ತೆರೆದ ಫೈಲಿನ ಹಿಡಿಕೆಯಾದ ಸ್ಟ್ರೀಮೇ ಉಳಿದಿರುವುದಿಲ್ಲ, ಅದಕ್ಕೇ ಫ್ಲಶ್ ಮೊದಲು. ಎಫ್‌ಸಿಂಕ್ ಒಮ್ಮೆ ಸೋತರೆ ‘ಇನ್ನೊಂದು ಸಲ ನೋಡೋಣ’ ಎನ್ನಬೇಡಿ. ಲಿನಕ್ಸ್‌ನಲ್ಲಿ ಎರಡನೇ ಸಲ ಅದು ‘ಸರಿ’ ಎಂದುಬಿಡಬಹುದು, ಡೇಟಾ ಹೋಗಿದ್ದರೂ. ಪೋಸ್ಟ್‌ಗ್ರೆಸ್ ಡೇಟಾಬೇಸಿನವರಿಗೇ ಇದು ಮನವರಿಕೆಯಾದದ್ದು 2018ರಲ್ಲಿ. ಆಮೇಲೆ ಅವರು ಎಫ್‌ಸಿಂಕ್ ಸೋತರೆ ಡೇಟಾಬೇಸನ್ನೇ ನಿಲ್ಲಿಸಿ, ಲಾಗಿನಿಂದ ಮತ್ತೆ ಕಟ್ಟಿಕೊಳ್ಳುವಂತೆ ಬದಲಾಯಿಸಿದರು.

ಪ್ರಶ್ನೆ: ರಿಅಲಾಕ್ ಉತ್ತರವನ್ನು ಅದೇ ಪಾಯಿಂಟರಿಗೆ ಹಾಕಿದರೆ ವಾರ್ನಿಂಗ್ ಬರಲಿಲ್ಲ. ಆದರೂ ನಮ್ಮ ಸರ್ ಅಂಕ ಕತ್ತರಿಸಿದರು.
— ಕಲಬುರಗಿ

ಉತ್ತರ: ನಿಮ್ಮ ಸರ್‌ಗೆ ನನ್ನ ನಮಸ್ಕಾರ ತಿಳಿಸಿ. ಮೆಮೊರಿಯ ಅಳತೆ ಬದಲಿಸುವ ರಿಅಲಾಕ್ ಸೋತರೆ ನಲ್, ಅಂದರೆ ಖಾಲಿ ವಿಳಾಸ, ಕೊಡುತ್ತದೆ, ಹಳೆಯ ಮೆಮೊರಿ ಇದ್ದಲ್ಲೇ ಇರುತ್ತದೆ. ಆ ನಲ್ಲನ್ನು, ವಿಳಾಸ ಹಿಡಿದಿದ್ದ ಹಳೆಯ ಪಾಯಿಂಟರಿನ ಮೇಲೆಯೇ ಬರೆದಿರಿ, ಹಳೆಯ ಮೆಮೊರಿಯ ವಿಳಾಸ ಹೋಯಿತು. ಇನ್ನು ಅದನ್ನು ಬಳಸುವಂತೆಯೂ ಇಲ್ಲ, ಫ್ರೀ ಮಾಡುವಂತೆಯೂ ಇಲ್ಲ. ಬೇರೆ ಪಾಯಿಂಟರಿನಲ್ಲಿ ಹಿಡಿದು, ನಲ್ ಅಲ್ಲ ಎಂದಾದಮೇಲೆ ಹಳೆಯದಕ್ಕೆ ಹಾಕಬೇಕು. ಉತ್ತರವನ್ನು ಯಾವುದಾದರೂ ವೇರಿಯಬಲ್‌ನಲ್ಲಿ ಇಟ್ಟ ಮಾತ್ರಕ್ಕೆ ಈ ವಾರ್ನಿಂಗಿಗೆ ಸಮಾಧಾನ. ಇಟ್ಟದ್ದನ್ನು ತೆರೆದು ನೋಡಿದಿರಾ ಎಂದು ಅದು ಕೇಳುವುದಿಲ್ಲ. ಬಂದ ಪತ್ರ ಒಡೆಯದೆ ಕಪಾಟಿನಲ್ಲಿಟ್ಟಂತೆ.

ಪ್ರಶ್ನೆ: ಇವೆಲ್ಲ ಪುಸ್ತಕದ ಬದನೆಕಾಯಿ. ಒಂದು ರಿಟರ್ನ್ ವ್ಯಾಲ್ಯೂ ನೋಡದ್ದಕ್ಕೆ ದೊಡ್ಡ ಅನಾಹುತ ಆದ ಉದಾಹರಣೆ ಇದ್ದರೆ ಹೇಳಿ, ನಿಮ್ಮ ಹಾಲಿನ ಡೈರಿ ಬಿಟ್ಟು.
— ಮಂಗಳೂರು (ಸಾಫ್ಟ್‌ವೇರ್ ಮ್ಯಾನೇಜರ್ ಎಂದು ಬರೆದುಕೊಂಡಿದ್ದಾರೆ. ನನ್ನ ಡೈರಿ ಕಥೆ ಮೊದಲೆಲ್ಲೋ ಓದಿರಬೇಕು.)

ಉತ್ತರ: 2010ರ ಆಂಡ್ರಾಯ್ಡ್ ಫೋನುಗಳು ಸಾಕೇ?

ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುತ್ತೇವಲ್ಲ, ಅದನ್ನು ಫೋನಿನ ಒಳಗೆ ಕೂತು ಕೇಳಿಸಿಕೊಳ್ಳುವ ಪ್ರೋಗ್ರಾಮಿನ ಹೆಸರು ಎಡಿಬಿಡಿ. ಅದು ರೂಟ್ ಆಗಿ ಹುಟ್ಟುತ್ತದೆ, ಅಂದರೆ ಮನೆಯ ಎಲ್ಲ ಬೀಗದ ಕೈಯೂ ಅದರ ಬಳಿ. ಹುಟ್ಟಿ ಸ್ವಲ್ಪ ಹೊತ್ತಿಗೆ ‘ಸೆಟ್‌ಯುಐಡಿ’ ಕರೆದು ‘ಶೆಲ್’ ಎಂಬ ಸಾಮಾನ್ಯ ಬಳಕೆದಾರನಾಗಿ ಇಳಿಯಬೇಕು. ಇಳಿಯಿತು ಎಂದೇ ನಂಬಿದ್ದರು, ಉತ್ತರ ನೋಡಿರಲಿಲ್ಲ. ಸೆಟ್‌ಯುಐಡಿ ಸೋಲುವುದಾದರೂ ಹೇಗೆ, ರೂಟ್ ಇಳಿಯಲು ಯಾರಪ್ಪಣೆ ಬೇಕು?

ಬೇಕಿತ್ತು. ಆಂಡ್ರಾಯ್ಡಿನ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಆಗ ಒಬ್ಬ ಬಳಕೆದಾರನ ಹೆಸರಿನಲ್ಲಿ ಇಷ್ಟೇ ಪ್ರೋಸೆಸ್ ಇರಬಹುದು ಎಂಬ ಮಿತಿ ತುಂಬಿದ್ದರೆ, ಆ ಬಳಕೆದಾರನಾಗಲು ಹೊರಟವರಿಗೆ ಸೆಟ್‌ಯುಐಡಿ ‘ಜಾಗವಿಲ್ಲ’ ಎನ್ನುತ್ತಿತ್ತು. ಇದನ್ನು ತಿಳಿದವರು ಒಂದು ಸಣ್ಣ ಪ್ರೋಗ್ರಾಮು ಬರೆದರು. ಅದು ಶೆಲ್ ಬಳಕೆದಾರನ ಹೆಸರಿನಲ್ಲಿ ಮರಿ ಹಾಕುತ್ತಾ ಹಾಕುತ್ತಾ ಮಿತಿ ತುಂಬಿಸಿ, ಆಮೇಲೆ ಎಡಿಬಿಡಿಯನ್ನು ಕೊಲ್ಲುತ್ತದೆ. ಫೋನು ಎಡಿಬಿಡಿಯನ್ನು ಮತ್ತೆ ಹುಟ್ಟಿಸುತ್ತದೆ, ರೂಟ್ ಆಗಿಯೇ. ಅದು ಇಳಿಯಹೋಗುತ್ತದೆ, ಕೆಳಗೆ ಕಾಲಿಡಲು ಜಾಗವಿಲ್ಲ. ಸೆಟ್‌ಯುಐಡಿ ಮೈನಸ್ ಒಂದು ಎನ್ನುತ್ತದೆ. ಕೇಳುವವರಿಲ್ಲ. ಎಲ್ಲ ಬೀಗದ ಕೈ ಸೊಂಟದಲ್ಲೇ ಇಟ್ಟುಕೊಂಡು ಎಡಿಬಿಡಿ ಬಾಗಿಲಲ್ಲಿ ಕೂರುತ್ತದೆ. ‘ರೇಜ್ ಅಗೇನ್ಸ್ಟ್ ದ ಕೇಜ್’ ಎಂಬ ಹೆಸರಿನಲ್ಲಿ ಆ ಪ್ರೋಗ್ರಾಮು ಓಡಾಡಿತು, ತಮ್ಮದೇ ಫೋನ್ ರೂಟ್ ಮಾಡಿಕೊಳ್ಳುವವರಿಗೆ ಹಬ್ಬ. ಕದಿಯಬೇಕೆನ್ನುವವರಿಗೂ. 2011ರ ಲಿನಕ್ಸ್ 3.1ರಲ್ಲಿ ಕರ್ನಲ್‌ನವರು ಈ ಕಾರಣಕ್ಕೆ ಸೆಟ್‌ಯುಐಡಿ ಸೋಲದಂತೆ ಮಾಡಿದರು, ಸೋಲನ್ನು ಮುಂದಿನ ಎಕ್ಸೆಕ್ ಕರೆಗೆ (ಬೇರೆ ಪ್ರೋಗ್ರಾಮು ಓಡಿಸುವ ಕರೆ) ತಳ್ಳಿದರು. ಅಂದರೆ ಇಷ್ಟು ಜನ ಉತ್ತರ ನೋಡುವುದಿಲ್ಲ ಎಂದು ಕರ್ನಲ್ಲೇ ಸೋತು ತಗ್ಗಿತು. ಈಗ ಜಿಲಿಬ್‌ಸಿಯಲ್ಲಿ ಸೆಟ್‌ಯುಐಡಿಗೂ ಚೀಟಿ ಇದೆ.

ಡೈರಿ ಬಿಡಿ ಎಂದಿರಲ್ಲ, ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದೇ ಫಂಕ್ಷನ್‌ಗಳಿಗೆ ಈ ವಾರ್ನಿಂಗ್ ಬರಿಸುವುದು ಹೇಗೆ? ಟೀಮಿನ ಹುಡುಗರು ನಾನು ಬರೆದ ಫಂಕ್ಷನ್ ಎರರ್ ಕೊಟ್ಟರೂ ನೋಡುವುದಿಲ್ಲ.
— ಪುಣೆಯಿಂದ, ವಿಜಯಪುರದವರು

ಉತ್ತರ: ಹೆಡರ್ ಫೈಲಿನ ಡಿಕ್ಲರೇಶನ್ನಿಗೆ ಹಚ್ಚಿ. ಜಿಸಿಸಿ 15ರಿಂದ ಸಿ23 ತಾನಾಗಿಯೇ ಬರುತ್ತದೆ, ಜೋಡಿ ಚೌಕ ಆವರಣದಲ್ಲಿ ನೋಡಿಸ್ಕಾರ್ಡ್ ಎಂದು ಬರೆದರಾಯಿತು. ಏಕೆ ನೋಡಬೇಕು ಎಂದು ಒಂದು ವಾಕ್ಯವನ್ನೂ ಸೇರಿಸಬಹುದು, ವಾರ್ನಿಂಗಿನ ಜೊತೆ ಅದೂ ಬರುತ್ತದೆ. ಹಳೆಯ ಕಂಪೈಲರಾದರೆ ಹಳೆಯ ಚೀಟಿಗೆ ಒಂದು ಮ್ಯಾಕ್ರೊ ಕಟ್ಟಿಕೊಳ್ಳಿ, ಲಿನಕ್ಸ್ ಕರ್ನಲ್‌ನವರು ‘ಮಸ್ಟ್ ಚೆಕ್’ ಎಂದು ಕಟ್ಟಿಕೊಂಡಂತೆ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ: ನೋಡಿಸ್ಕಾರ್ಡನ್ನು ಫಂಕ್ಷನ್ನಿಗೆ ಹಚ್ಚುವ ಬದಲು ಎರರ್ ಕೋಡುಗಳ ಈನಮ್‌ಗೇ (ಹೆಸರಿಟ್ಟ ಬೆಲೆಗಳ ಪಟ್ಟಿ) ಹಚ್ಚಬಹುದು. ಆ ಈನಮ್ ವಾಪಸು ಕೊಡುವ ಪ್ರತಿ ಫಂಕ್ಷನ್ನಿಗೂ ವಾರ್ನಿಂಗ್ ತಾನಾಗಿ ಬರುತ್ತದೆ, ಹೊಸದು ಬರೆಯುವಾಗ ಹಚ್ಚಲು ಮರೆತೆ ಎನ್ನುವ ಹಾಗಿಲ್ಲ. ಆದರೆ ಕಂಡದ್ದಕ್ಕೆಲ್ಲ ಹಚ್ಚಬೇಡಿ. ಎಷ್ಟು ಅಕ್ಷರ ಪ್ರಿಂಟ್ ಆಯಿತು ಎಂದು ಹೇಳುವ ಫಂಕ್ಷನ್ನಿಗೂ ಹಚ್ಚಿದರೆ ಹುಡುಗರು ಒಂದೇ ವಾರದಲ್ಲಿ ಎಲ್ಲದರ ಮುಂದೆ ವಾಯ್ಡ್ ಬರೆಯಲು ಕಲಿಯುತ್ತಾರೆ, ಎರರ್ ಕೊಡುವ ಫಂಕ್ಷನ್ ಮುಂದೆಯೂ.

ಪ್ರಶ್ನೆ: ಇಪ್ಪತ್ತು ವರ್ಷದ ಹಳೇ ಕೋಡು ಕೈಗೆ ಬಂದಿದೆ. ಹೊಸ ಉಬುಂಟುವಿನಲ್ಲಿ ಕಂಪೈಲ್ ಮಾಡಿದರೆ ಇದೊಂದೇ ವಾರ್ನಿಂಗ್ ನಾನೂರಕ್ಕೂ ಹೆಚ್ಚು. ‘ನೋ ಅನ್‌ಯೂಸ್ಡ್ ರಿಸಲ್ಟ್’ ಆಪ್ಶನ್ ಹಾಕಿ ಬಾಯಿ ಮುಚ್ಚಿಸಲೇ?
— ಶಿವಮೊಗ್ಗ

ಉತ್ತರ: ಇಡೀ ಮೇಕ್‌ಫೈಲಿಗೆ (ಎಲ್ಲ ಫೈಲುಗಳನ್ನು ಹೇಗೆ ಕಂಪೈಲ್ ಮಾಡಬೇಕೆಂದು ಹೇಳುವ ಫೈಲ್) ಹಾಕಬೇಡಿ. ನಾನೂರರಲ್ಲಿ ಮುನ್ನೂರು ಸ್ಕ್ಯಾನ್‌ಎಫ್, ಎಫ್‌ಗೆಟ್‌ಎಸ್ ಇರುತ್ತವೆ, ಅವು ನಾಳೆಗೂ ಕಾಯುತ್ತವೆ. ವಾರ್ನಿಂಗುಗಳನ್ನು ಒಂದು ಫೈಲಿಗೆ ತಿರುಗಿಸಿ, ಪದ ಹುಡುಕುವ ಗ್ರೆಪ್ ಕಮಾಂಡ್ ಓಡಿಸಿ, ಮೊದಲು ಸೆಟ್‌ಯುಐಡಿ, ರೈಟ್, ಎಫ್‌ಟ್ರಂಕೇಟ್ (ಫೈಲಿನ ಉದ್ದ ಬದಲಿಸುವುದು), ಸಿಸ್ಟಮ್ ಹೆಕ್ಕಿ. ಅವು ಬೆರಳೆಣಿಕೆಯಷ್ಟೇ ಇರುತ್ತವೆ, ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಕೋಡಿನಲ್ಲಿ ಎಫ್‌ಕ್ಲೋಸ್ ಅನ್ನೂ ಗ್ರೆಪ್ ಮಾಡಿ, ಅದರ ವಾರ್ನಿಂಗ್ ನಿಮ್ಮ ನಾನೂರರಲ್ಲಿ ಒಂದೂ ಇರುವುದಿಲ್ಲ. ಇನ್ನು ಮುಂದೆ ಹೊಸದಾಗಿ ಬರೆಯುವ ಫೈಲುಗಳಿಗೆ ಮಾತ್ರ ಇದೇ ವಾರ್ನಿಂಗನ್ನು ಎರರ್ ಮಾಡುವ ಆಪ್ಶನ್ ಹಾಕಿ. ಹಳೆಯ ಫೈಲೊಂದನ್ನು ಯಾವುದೋ ಕಾರಣಕ್ಕೆ ಮುಟ್ಟಿದ ದಿನ ಅದನ್ನೂ ಆ ಪಟ್ಟಿಗೆ ಸೇರಿಸುತ್ತಾ ಹೋಗಿ.